ಬಾಗಲಕೋಟೆಯಿಂದ ಮೆಲ್ಬರ್ನ್‌ಗೆ: ಅಗ್ಗದ ಟಿಕೆಟ್ಟು ಮತ್ತು ಕ್ವಾಲಾಲಂಪುರದ ಎರಡು ಟರ್ಮಿನಲ್‌ಗಳು

ಮಗಳ ಬಾಣಂತನಕ್ಕಾಗಿ ನಾನೂ ನನ್ನ ಹೆಂಡತಿಯೂ ಮೆಲ್ಬರ್ನ್‌ಗೆ ಹೋಗುವುದು ನಿಶ್ಚಯವಾದಾಗ, ವಿಮಾನದ ಟಿಕೆಟ್ಟಿಗೆ ಎಷ್ಟು ಹಣ ಬೇಕಾದೀತು ಎಂದು ಬಾಗಲಕೋಟೆಯಲ್ಲಿ ವಿಚಾರಿಸಿದ ಕಡೆಗಳಲ್ಲೆಲ್ಲ ಬೇರೆ ಬೇರೆ ಉತ್ತರಗಳು ಸಿಕ್ಕವು. ಒಬ್ಬ ಏಜೆಂಟರು ಹೇಳಿದ ಮೊತ್ತಕ್ಕೂ ಮಗಳು ಅಲ್ಲಿ ಕುಳಿತು ಹುಡುಕಿ ತೆಗೆದ ಮೊತ್ತಕ್ಕೂ ಇದ್ದ ಅಂತರದಲ್ಲಿ ಇನ್ನೊಬ್ಬರು ಆರಾಮವಾಗಿ ಹೋಗಿಬರಬಹುದಿತ್ತು. ಮಕ್ಕಳನ್ನು, ಮೊಮ್ಮಕ್ಕಳನ್ನು ನೋಡಲು ಹೊರದೇಶಕ್ಕೆ ಹೋಗುವ ಅಪ್ಪ ಅವ್ವಂದಿರು ಈಗ ನಮ್ಮ ನವನಗರದ ಓಣಿ ಓಣಿಗಳಲ್ಲಿ ಇದ್ದಾರೆ. ಭಾಷೆ ಬಾರದ ಊರಿನ ದೊಡ್ಡ ನಿಲ್ದಾಣದಲ್ಲಿ ದಾರಿ ತಪ್ಪಿದರೆ ಗತಿಯೇನು ಎಂಬ ಅಂಜಿಕೆಯಿಂದ ಅವರಲ್ಲಿ ಅನೇಕರು ಏಜೆಂಟರು ಹೇಳಿದಷ್ಟು ಕೊಟ್ಟು ಹೋಗುತ್ತಾರೆ. ಆ ಅಂಜಿಕೆಗೆ ಅಷ್ಟು ಹಣ ತೆರಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯವಾದ್ದರಿಂದ, ನಾವು ಟಿಕೆಟ್ಟು ಹುಡುಕಿದ ಬಗೆಯನ್ನೂ ಕ್ವಾಲಾಲಂಪುರದ ನಿಲ್ದಾಣವನ್ನು ಹೋಗುವಾಗ ಒಂದು ರೀತಿಯಲ್ಲಿ, ಬರುವಾಗ ಇನ್ನೊಂದು ರೀತಿಯಲ್ಲಿ ದಾಟಿದ ಬಗೆಯನ್ನೂ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ದಕ್ಷಿಣ ಭಾರತದಿಂದ ಆಸ್ಟ್ರೇಲಿಯಾಕ್ಕೆ ಹೋಗುವವರು ನಡುವೆ ಎಲ್ಲಾದರೂ ಇಳಿದು ಹತ್ತುವುದಾದರೆ ಸಾಮಾನ್ಯವಾಗಿ ಸಿಂಗಪುರದ ಚಾಂಗಿ, ಕ್ವಾಲಾಲಂಪುರ ಅಥವಾ ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣವನ್ನು ಆರಿಸಿಕೊಳ್ಳುತ್ತಾರೆ. ಸೌಕರ್ಯದ ದೃಷ್ಟಿಯಿಂದ ಚಾಂಗಿಗೆ ಸಾಟಿಯಿಲ್ಲ ಎಂದು ಹೋಗಿಬಂದವರೆಲ್ಲ ಹೇಳುತ್ತಾರೆ. ಅಲ್ಲಿ ಚಿಟ್ಟೆಗಳ ತೋಟವಿದೆ, ಪುಕ್ಕಟೆ ಸಿನಿಮಾ ತೋರಿಸುವ ಮಂದಿರವಿದೆ, 2019ರಲ್ಲಿ ತೆರೆದ ಜ್ಯುಯೆಲ್ ಎಂಬ ಗಾಜಿನ ಕಟ್ಟಡದೊಳಗೆ 40 ಮೀಟರ್ ಎತ್ತರದಿಂದ ಬೀಳುವ ಜಲಪಾತವಿದೆ. ಆದರೆ ಆ ಜಲಪಾತ ಇರುವುದು ವಲಸೆ ತಪಾಸಣೆಯ ಆಚೆ ಬದಿಗೆ, ಮತ್ತು ಭಾರತೀಯರು ಸಿಂಗಪುರದೊಳಗೆ ಕಾಲಿಡಲು ವೀಸಾ ಬೇಕು. ಆಸ್ಟ್ರೇಲಿಯಾದಂಥ ಕೆಲವು ದೇಶಗಳ ವೀಸಾ ಇದ್ದವರಿಗೆ ಷರತ್ತುಗಳ ಮೇಲೆ 96 ಗಂಟೆಗಳ ವಿನಾಯಿತಿ ಇದೆಯಾದರೂ ಅದು ದೊರೆಯುವುದು ತಪಾಸಣೆ ಅಧಿಕಾರಿಯ ಒಪ್ಪಿಗೆಯ ಮೇಲೆ. ಮಲೇಷಿಯಾ 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಇಲ್ಲದೆ ಪ್ರವೇಶ ಕೊಡುತ್ತಿದೆ. ನಡುವೆ ಏನಾದರೂ ಹೆಚ್ಚು ಕಡಿಮೆಯಾಗಿ ನಿಲ್ದಾಣದಿಂದ ಹೊರಗೆ ಬರಬೇಕಾದರೆ ತಡೆಯಿಲ್ಲ ಎಂಬ ಈ ಒಂದು ಕಾರಣದಿಂದಲೇ ನಾನು ಕ್ವಾಲಾಲಂಪುರದ ಕಡೆಗೆ ವಾಲಿದೆ. ಅಲ್ಲದೆ ಏರ್‌ಏಷ್ಯಾದ ವಿಮಾನ ಬೆಂಗಳೂರಿನಿಂದಲೇ ಹೊರಡುತ್ತದೆ, ಮತ್ತು ಕ್ವಾಲಾಲಂಪುರದಿಂದ ಮೆಲ್ಬರ್ನ್‌ಗೆ ಅದೇ ಬಳಗದ ಏರ್‌ಏಷ್ಯಾ ಎಕ್ಸ್ ಹಾರುತ್ತದೆ.

ದರ ಹುಡುಕುವುದರಲ್ಲಿ ತಾಳ್ಮೆಯ ಕೆಲಸವೇ ಹೆಚ್ಚು. ಗೂಗಲ್ ಫ್ಲೈಟ್ಸ್, ಸ್ಕೈಸ್ಕ್ಯಾನರ್ ಮೊದಲಾದ ತಾಣಗಳಲ್ಲಿ ಇಡೀ ತಿಂಗಳ ದರಗಳನ್ನು ಒಟ್ಟಿಗೆ ನೋಡಬಹುದು. ಯಾವ ದಿನ ಅಗ್ಗ, ಯಾವ ವಾರ ದುಬಾರಿ ಎಂಬುದು ಅದರಲ್ಲಿ ಕಣ್ಣಿಗೆ ಬೀಳುತ್ತದೆ. ಆದರೆ ಕಡಿಮೆ ದರದ ಕಂಪನಿಗಳು ಎಲ್ಲ ತಾಣಗಳಲ್ಲಿಯೂ ಸರಿಯಾಗಿ ಕಾಣಿಸುವುದಿಲ್ಲವಾದ್ದರಿಂದ, ಅಲ್ಲಿ ಒಟ್ಟಾರೆ ಅಂದಾಜು ಪಡೆದುಕೊಂಡು ಕೊನೆಗೆ ಕಂಪನಿಯ ಸ್ವಂತ ತಾಣಕ್ಕೇ ಹೋಗಿ ನೋಡಬೇಕು. ಕೊಳ್ಳುವುದನ್ನೂ ಅಲ್ಲಿಯೇ ಮಾಡುವುದು ಲೇಸೆಂದು ನನಗೆ ಮನವರಿಕೆಯಾಗಿದೆ. ನಾವು ಮೊದಲು ನೋಡಿದ ಒಂದು ಮಧ್ಯವರ್ತಿ ತಾಣದಲ್ಲಿ ಕೇಳದೆಯೇ ವಿಮೆಯ ಹಣ ಸೇರಿಕೊಂಡಿತ್ತು, ಮತ್ತು ಹಣ ಕಟ್ಟುವ ಪುಟದಲ್ಲಿ ಅನುಕೂಲ ಶುಲ್ಕವೆಂದು ಮತ್ತಷ್ಟು ಏರಿತ್ತು. ದಿನ ಬದಲಾಯಿಸಬೇಕಾದಾಗ ಅಥವಾ ವಿಮಾನ ರದ್ದಾದಾಗ ಕಂಪನಿಯವರು ಮಧ್ಯವರ್ತಿಯ ಕಡೆಗೂ ಮಧ್ಯವರ್ತಿ ಕಂಪನಿಯ ಕಡೆಗೂ ಕೈ ತೋರಿಸುವುದನ್ನು ನಮ್ಮ ಪರಿಚಯದವರು ಅನುಭವಿಸಿದ್ದಾರೆ.

ದರಗಳು ಹೀಗೇಕೆ ಏರಿಳಿಯುತ್ತವೆ ಎಂಬುದನ್ನು ಅಳಿಯ ನನಗೆ ಫೋನಿನಲ್ಲಿ ವಿವರಿಸಿ ಹೇಳಿದರು, ಮತ್ತು ಅದು ತಿಳಿದ ಮೇಲೆ ಹುಡುಕಾಟ ಸುಲಭವಾಯಿತು. ಒಂದು ವಿಮಾನದ ಸೀಟುಗಳನ್ನೆಲ್ಲ ಕಂಪನಿ ಒಂದೇ ಬೆಲೆಗೆ ಮಾರುವುದಿಲ್ಲ. ಅವುಗಳನ್ನು ಹಲವು ದರದ ಹಂತಗಳಾಗಿ ಹಂಚಿರುತ್ತದೆ, ಕೆಳಗಿನ ಹಂತದ ಸೀಟುಗಳು ಮುಗಿದಂತೆ ಮೇಲಿನ ಹಂತ ತೆರೆದುಕೊಳ್ಳುತ್ತದೆ. ಇದರಿಂದ ಒಂದು ವಿಚಿತ್ರ ಉಂಟಾಗುತ್ತದೆ. ಕೆಳಗಿನ ಹಂತದಲ್ಲಿ ಒಂದೇ ಸೀಟು ಉಳಿದಿದ್ದು, ನಾವು ಇಬ್ಬರಿಗೆಂದು ಹುಡುಕಿದರೆ, ಅನೇಕ ತಾಣಗಳು ಇಬ್ಬರಿಗೂ ಮೇಲಿನ ಹಂತದ ದರವನ್ನೇ ತೋರಿಸುತ್ತವೆ. ಆದ್ದರಿಂದ ಮೊದಲು ಒಬ್ಬರಿಗೆಂದು ನೋಡಿ, ಅನಂತರ ಇಬ್ಬರಿಗೆಂದು ನೋಡಿ, ಎರಡರ ನಡುವೆ ವ್ಯತ್ಯಾಸ ಕಂಡರೆ ಬೇರೆ ದಿನವನ್ನು ನೋಡುವುದನ್ನು ನಾನು ರೂಢಿ ಮಾಡಿಕೊಂಡೆ. ಬೇರೆ ಬೇರೆಯಾಗಿ ಎರಡು ಟಿಕೆಟ್ಟು ತೆಗೆದು ಒಂದಿಷ್ಟು ಉಳಿಸಬಹುದಿತ್ತು, ಆದರೆ ವಯಸ್ಸಾದ ಇಬ್ಬರು ಒಂದೇ ಬುಕಿಂಗ್‌ನಲ್ಲಿ ಇರುವುದು ಕ್ಷೇಮ; ವಿಮಾನ ತಪ್ಪಿ ಬೇರೊಂದಕ್ಕೆ ಹಾಕುವಾಗ ಇಬ್ಬರನ್ನೂ ಜೊತೆಯಲ್ಲಿ ಹಾಕುತ್ತಾರೆ.

ಆಸ್ಟ್ರೇಲಿಯಾದ ಶಾಲೆಗಳಿಗೆ ಡಿಸೆಂಬರ್ ಮತ್ತು ಜನವರಿಯಲ್ಲಿ ಬೇಸಿಗೆಯ ರಜೆ, ಆಗ ದರ ಏರುತ್ತದೆ. ಮಲೇಷಿಯಾದ ಮೂಲಕ ಹೋಗುವವರು ಚೀನೀ ಹೊಸ ವರ್ಷದ ಮತ್ತು ರಂಜಾನ್ ಹಬ್ಬದ ವಾರಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ನಾವು 2025ರ ಶ್ರಾವಣ ಮುಗಿದ ಮೇಲೆ, ವಾರದ ನಡುವಿನ ದಿನ ಹೊರಟೆವು. ಹೋಗುವ ಟಿಕೆಟ್ಟನ್ನು ಮಾತ್ರ ತೆಗೆದೆವು, ಬರುವುದನ್ನು ತೆಗೆಯಲಿಲ್ಲ. ಹೆರಿಗೆ ಯಾವ ದಿನ ಆಗುತ್ತದೆ, ಮಗಳು ಎಷ್ಟು ಬೇಗ ಚೇತರಿಸಿಕೊಳ್ಳುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ, ಮತ್ತು ಕಡಿಮೆ ದರದ ಕಂಪನಿಗಳಲ್ಲಿ ಹೋಗುವ ದರವೂ ಬರುವ ದರವೂ ಬಿಡಿ ಬಿಡಿಯಾಗಿಯೇ ಇರುವುದರಿಂದ ಎರಡನ್ನೂ ಕೂಡಿಸಿ ಕೊಂಡರೆ ವಿಶೇಷ ಲಾಭವೇನೂ ಇರುವುದಿಲ್ಲ.

ಪರದೆಯ ಮೇಲೆ ಮೊದಲು ಕಾಣುವ ದರ ಮನುಷ್ಯನೊಬ್ಬನ ದರ ಮಾತ್ರ ಎಂಬುದನ್ನು ಮರೆಯಬಾರದು. ಏರ್‌ಏಷ್ಯಾದಲ್ಲಿ ಕೈಯಲ್ಲಿ ಒಯ್ಯುವ ಎರಡು ಚೀಲ ಸೇರಿ 7 ಕಿಲೊ. ಅದಕ್ಕಿಂತ ಹೆಚ್ಚಿನ ಸಾಮಾನಿಗೆ, ಊಟಕ್ಕೆ, ಸೀಟು ಆರಿಸಿಕೊಳ್ಳುವುದಕ್ಕೆ ಬೇರೆ ಬೇರೆ ಹಣ. ಬಾಣಂತನಕ್ಕೆ ಹೋಗುವ ತಾಯಿಯ ಸಾಮಾನು 7 ಕಿಲೊದಲ್ಲಿ ಮುಗಿಯುವಂಥದ್ದಲ್ಲ. ಸಾಮಾನಿನ ತೂಕವನ್ನು ಟಿಕೆಟ್ಟು ಕೊಳ್ಳುವಾಗಲೇ ಕೊಂಡರೆ ಒಂದು ದರ, ನಿಲ್ದಾಣದ ಕೌಂಟರಿನಲ್ಲಿ ಕೊಂಡರೆ ಅದರ ಮೇಲೆ ಎಷ್ಟೋ ಪಟ್ಟು. ಹೀಗಾಗಿ ಎಲ್ಲವನ್ನೂ ಕೂಡಿಸಿ, ಊಟ ಸಾಮಾನು ಎಲ್ಲ ಟಿಕೆಟ್ಟಿನಲ್ಲೇ ಸೇರಿರುವ ಬೇರೆ ಕಂಪನಿಗಳ ದರದ ಪಕ್ಕದಲ್ಲಿಟ್ಟು ನೋಡಿದೆ. ಅಂತರ ಮೊದಲು ಕಂಡಷ್ಟು ದೊಡ್ಡದಾಗಿ ಉಳಿಯಲಿಲ್ಲ, ಆದರೂ ಅಗ್ಗವೇ ಆಗಿತ್ತು. ದರ ಕೇಳಿದ ಹೆಂಡತಿ, "ಅಲ್ರೀ, ಇಷ್ಟ ಕಡಿಮಿಗೆ ಕೊಡಾಕತ್ತಾರ ಅಂದ್ರ ನಡುವ ಎಲ್ಲೆರ ಇಳಿಸಿ ಬಿಟ್ಟ ಹೋದಾರೇನ?" ಎಂದು ಕೇಳಿದಳು. ಈ ಪ್ರಶ್ನೆಯೇ ಇಡೀ ವಿಷಯದ ತಿರುಳು. ನಡುವಿನ ನಿಲ್ದಾಣದಲ್ಲಿ ನಮ್ಮ ಮತ್ತು ನಮ್ಮ ಸಾಮಾನಿನ ಹೊಣೆ ಯಾರದು ಎಂಬುದು ಬುಕಿಂಗ್ ಒಂದೇ ಇದೆಯೋ ಎರಡು ಇವೆಯೋ ಎಂಬುದರ ಮೇಲೆ ನಿಂತಿದೆ. ಬೆಂಗಳೂರಿನಿಂದ ಮೆಲ್ಬರ್ನ್‌ವರೆಗೆ ಒಂದೇ ಬುಕಿಂಗ್ ಆಗಿದ್ದರೆ ಸಾಮಾನು ನೇರ ಮೆಲ್ಬರ್ನ್‌ಗೆ ಹೋಗುತ್ತದೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವಿಮಾನದಲ್ಲಿ ಕಳುಹಿಸುವುದು ಕಂಪನಿಯ ಕೆಲಸ. ಎರಡು ಬಿಡಿ ಟಿಕೆಟ್ಟುಗಳಾದರೆ ನಡುವಿನ ಊರಿನಲ್ಲಿ ನಾವೇ ವಲಸೆ ತಪಾಸಣೆ ದಾಟಿ, ಸಾಮಾನು ಇಳಿಸಿಕೊಂಡು, ಮತ್ತೆ ಕೌಂಟರಿಗೆ ಹೋಗಿ ಕೊಡಬೇಕು. ಎರಡನೆಯ ವಿಮಾನ ತಪ್ಪಿದರೆ ಆ ಹಣ ಹೋದ ಹಾಗೆಯೇ. ಹೋಗುವಾಗ ನಾವು ಒಂದೇ ಬುಕಿಂಗ್ ತೆಗೆದುಕೊಂಡೆವು.

ಸಾಮಾನು ಕಟ್ಟುವುದೇ ಒಂದು ಅಧ್ಯಾಯ. ಅಂಟಿನ ಉಂಡಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಕಟಕ ರೊಟ್ಟಿ, ಅಮೀನಗಡದ ಕರದಂಟು ಎಲ್ಲವನ್ನೂ ಬೇರೆ ಬೇರೆ ಪೊಟ್ಟಣ ಮಾಡಿ, ಪ್ರತಿಯೊಂದರ ಮೇಲೆ ಇಂಗ್ಲಿಷಿನಲ್ಲಿ ಹೆಸರು ಬರೆದು, ಪರಿಚಯದ ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಬ್ಯಾಗುಗಳನ್ನು ತೂಗಿದೆವು. ಆಸ್ಟ್ರೇಲಿಯಾದಲ್ಲಿ ತಿನ್ನುವ ಪದಾರ್ಥಗಳನ್ನು ಬರೆದು ತಿಳಿಸುವುದು ಕಡ್ಡಾಯ, ಬಚ್ಚಿಟ್ಟರೆ ಭಾರಿ ದಂಡ. ಆದ್ದರಿಂದ ಹೆಸರು ಬರೆದ ಈ ಪೊಟ್ಟಣಗಳು ಅಲ್ಲಿ ಬಹಳ ಉಪಯೋಗಕ್ಕೆ ಬಂದವು. ಅಳವಿ ಬೀಜ ಅಲ್ಲಿಯ ಭಾರತೀಯ ಅಂಗಡಿಯಲ್ಲೇ ಸಿಗುತ್ತದೆ ಎಂದು ಮಗಳು ಹೇಳಿದ್ದರಿಂದ ಅದನ್ನು ಬಿಟ್ಟೆವು. ಒಣ ಕೊಬ್ಬರಿ ಬಟ್ಟಲುಗಳನ್ನೂ ತೆಗೆದಿಟ್ಟೆವು. ಎಣ್ಣೆಯ ಅಂಶ ಹೆಚ್ಚಿರುವ ಒಣ ಕೊಬ್ಬರಿ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ವಸ್ತುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ, ಹಾಗಾಗಿ ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿ ತೆಗೆಸುತ್ತಾರೆ. ನಮ್ಮ ಕಡೆಯಿಂದ ಹೋಗುವ ಪ್ರತಿ ಕುಟುಂಬವೂ ಇದನ್ನು ತಿಳಿದಿರಬೇಕು. ಪವರ್ ಬ್ಯಾಂಕನ್ನು ಇದಕ್ಕೆ ವಿರುದ್ಧವಾಗಿ ಕೈಚೀಲದಲ್ಲಿಯೇ ಇಡಬೇಕು, ಕೆಳಗೆ ಹಾಕುವ ಬ್ಯಾಗಿನಲ್ಲಿ ಇಡುವಂತಿಲ್ಲ.

ಬೆಂಗಳೂರಿಗೆ ಹೇಗೆ ಹೋಗುವುದೆಂಬ ಪ್ರಶ್ನೆ ಬಂದಾಗ ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದಲೋ ಹುಬ್ಬಳ್ಳಿಯಿಂದಲೋ ವಿಮಾನದಲ್ಲಿ ಹೋಗುವುದನ್ನು ಯೋಚಿಸಿದೆವು. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 15 ಕಿಲೊ ಸಾಮಾನು. ನಾವು ಕೊಂಡಿದ್ದ ತೂಕ ಅದಕ್ಕಿಂತ ಬಹಳ ಹೆಚ್ಚು. ಆ ಹೆಚ್ಚುವರಿಗೆ ಇಲ್ಲಿಯೂ ಹಣ ಕಟ್ಟಿದರೆ ಉಳಿಸಿದ್ದೆಲ್ಲ ಕರಗಿಹೋಗುತ್ತಿತ್ತು. ಗೋಲಗುಮ್ಮಟ ಎಕ್ಸ್‌ಪ್ರೆಸ್‌ನಲ್ಲಿ ಹೋಗಿ, ಮೆಜೆಸ್ಟಿಕ್‌ನಿಂದ ವಾಯು ವಜ್ರ ಬಸ್ಸು ಹಿಡಿದೆವು. ಆ ಬಸ್ಸಿನಲ್ಲಿ ದೊಡ್ಡ ಬ್ಯಾಗುಗಳನ್ನು ಇಡಲು ಪ್ರತ್ಯೇಕ ಜಾಗವಿದೆ. ವಿಮಾನ ರಾತ್ರಿ ಹೊರಡುವುದಾಗಿದ್ದರೂ ಬೆಳಿಗ್ಗೆಯೇ ಬೆಂಗಳೂರು ಸೇರಿದ್ದರಿಂದ ಸಂಬಂಧಿಕರ ಮನೆಯಲ್ಲಿ ಊಟ ಮಾಡಿ ಮಲಗಿ ಎದ್ದು ಹೋಗುವಷ್ಟು ಸಮಯ ದೊರೆಯಿತು. ರೈಲು ತಡವಾದರೂ ಚಿಂತೆಯಿಲ್ಲದಂತೆ ಹೀಗೆ ಒಂದು ಹಗಲನ್ನು ನಡುವೆ ಬಿಟ್ಟುಕೊಳ್ಳಲೇಬೇಕು.

ಕೆಂಪೇಗೌಡ ನಿಲ್ದಾಣದಲ್ಲಿ 2023ರ ಸೆಪ್ಟೆಂಬರ್ 12ರಿಂದ ಹೊರದೇಶದ ವಿಮಾನಗಳು ಎರಡನೇ ಟರ್ಮಿನಲ್‌ನಿಂದ ಹೋಗುತ್ತವೆ. ಬಿದಿರಿನ ಚಾವಣಿಯ, ಒಳಗೆಲ್ಲ ಹಸಿರು ತೂಗುಹಾಕಿದ ಆ ಕಟ್ಟಡ ನೋಡಲು ಚೆಂದ. ಕೌಂಟರಿನ ಹುಡುಗಿ ನಮ್ಮ ಬ್ಯಾಗಿಗೆ ಉದ್ದನೆಯ ಬಿಳಿ ಪಟ್ಟಿಯನ್ನು ಸುತ್ತಿದಾಗ ನಾನು ಬಗ್ಗಿ ಅದನ್ನು ಓದಿದೆ. ದಪ್ಪ ಅಕ್ಷರಗಳಲ್ಲಿ ಮೆಲ್ಬರ್ನ್‌ನ ಸಂಕೇತ ಎಂಇಎಲ್ ಎಂದೂ, ಅದರ ಕೆಳಗೆ ಚಿಕ್ಕದಾಗಿ ಕ್ವಾಲಾಲಂಪುರದ ಸಂಕೇತ ಕೆಯುಎಲ್ ಎಂದೂ ಇತ್ತು. ಆದರೂ ಕೇಳಿಯೇ ಬಿಡೋಣವೆಂದು, "ನಡುವ ನಾವು ಇಳಿಸ್ಕೊಳ್ಳೂದು ಏನಿಲ್ಲಲ್ಲವಾ?" ಎಂದೆ. "ಇಲ್ಲ ಸರ್, ಮೆಲ್ಬರ್ನ್‌ನಲ್ಲೇ ತಗೊಳ್ಳಿ," ಎಂದು ಆಕೆ ಎರಡೂ ಬೋರ್ಡಿಂಗ್ ಪಾಸುಗಳನ್ನು ಒಟ್ಟಿಗೆ ಕೊಟ್ಟಳು. ಪಟ್ಟಿಯ ತುಂಡನ್ನು ಪಾಸಿನ ಹಿಂಬದಿಗೆ ಅಂಟಿಸಿದ್ದಳು. ಸಾಮಾನು ಬಾರದಿದ್ದರೆ ದೂರು ಕೊಡಲು ಇರುವ ಆಧಾರ ಅದೊಂದೇ. ಅದು ಕಳೆಯದಂತೆ ನೋಡಿಕೊಳ್ಳಬೇಕೆಂದು ಹೆಂಡತಿ ಅದನ್ನು ಪಾಸ್‌ಪೋರ್ಟಿನ ಕವಚದೊಳಗೆ ಸೇರಿಸಿದಳು.

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಹೆಚ್ಚು ಕಡಿಮೆ ನಾಲ್ಕು ತಾಸಿನ ಹಾರಾಟ, ಗಡಿಯಾರ ನಮ್ಮದಕ್ಕಿಂತ ಎರಡೂವರೆ ತಾಸು ಮುಂದೆ. ಇಂಥ ವಿಮಾನಗಳಲ್ಲಿ ಹೊದಿಕೆ ಕೊಡುವುದಿಲ್ಲ, ಒಳಗೆ ಚಳಿ ಮಾತ್ರ ಚೆನ್ನಾಗಿಯೇ ಇರುತ್ತದೆ. ಹೆಗಲಿಗೊಂದು ಶಾಲು ಇರಲೇಬೇಕು. ಹೊರಗಿನ ಊಟವನ್ನು ಒಳಗೆ ತಿನ್ನುವಂತಿಲ್ಲ ಎಂಬ ನಿಯಮವೂ ಇರುವುದರಿಂದ ಸಸ್ಯಾಹಾರದ ಊಟವನ್ನು ಮೊದಲೇ ಬುಕ್ ಮಾಡಿಕೊಂಡಿದ್ದೆವು. ಇಳಿಯುವ ಹೊತ್ತಿಗೆ ಬೆಳಕಾಗಿತ್ತು. ನಿಲ್ದಾಣ ಇರುವುದು ಊರಿನಿಂದ ದೂರ, ಸೆಲಾಂಗೋರ್ ರಾಜ್ಯದ ಸೆಪಾಂಗ್ ಎಂಬಲ್ಲಿ, ಮತ್ತು ಸುತ್ತಮುತ್ತ ಕಣ್ಣು ಹಾಯುವವರೆಗೆ ತಾಳೆ ಎಣ್ಣೆಯ ಮರಗಳ ತೋಟಗಳು.

ಕ್ವಾಲಾಲಂಪುರದ ಮೊದಲ ಟರ್ಮಿನಲ್ 1998ರಲ್ಲಿ ತೆರೆದದ್ದು, ಜಪಾನಿನ ವಾಸ್ತುಶಿಲ್ಪಿ ಕಿಶೋ ಕುರೊಕಾವಾ ಅವರ ವಿನ್ಯಾಸ. ಎರಡನೆಯದು 2014ರ ಮೇ ತಿಂಗಳಲ್ಲಿ ಕಡಿಮೆ ದರದ ವಿಮಾನಗಳಿಗಾಗಿಯೇ ತೆರೆದದ್ದು, ಮೊದಲು ಅದಕ್ಕೆ, ನಿಲ್ದಾಣದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ, ಕ್ಲಿಯಾ 2 (KLIA 2) ಎಂದು ಹೆಸರಿತ್ತು. ಏರ್‌ಏಷ್ಯಾ ಎರಡನೆಯದರಲ್ಲಿ, ಮಲೇಷಿಯಾ ಏರ್‌ಲೈನ್ಸ್ ಮೊದಲನೆಯದರಲ್ಲಿ. ಎರಡೂ ಟರ್ಮಿನಲ್‌ಗಳಿಗೆ ಸಂಕೇತ ಒಂದೇ, ಕೆಯುಎಲ್. ಟಿಕೆಟ್ಟು ಹುಡುಕುವ ತಾಣ ಇಲ್ಲಿ ಇಳಿದು ಇಲ್ಲಿಯೇ ಹತ್ತುವುದೆಂಬಂತೆ ತೋರಿಸುತ್ತದೆ, ಆದರೆ ಅವೆರಡರ ನಡುವೆ ನಡೆದು ಹೋಗುವ ದಾರಿಯೇ ಇಲ್ಲ, ರೈಲಿನಲ್ಲೋ ಬಸ್ಸಿನಲ್ಲೋ ಹೋಗಬೇಕು. ಟಿಕೆಟ್ಟಿನ ಮೇಲೆ ಟರ್ಮಿನಲ್ ಸಂಖ್ಯೆಯನ್ನು ನೋಡದೆ ಹಣ ಕಟ್ಟಬಾರದೆಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ಹೋಗುವಾಗ ನಮ್ಮ ಎರಡೂ ವಿಮಾನಗಳು ಎರಡನೇ ಟರ್ಮಿನಲ್‌ನವೇ ಆಗಿದ್ದವು.

ವಿಮಾನದಿಂದ ಇಳಿದ ಮಂದಿಯಲ್ಲಿ ಬಹುಪಾಲು ಜನ ಊರೊಳಗೆ ಹೋಗುವವರು. ಅವರ ಹಿಂದೆ ಹೊರಟರೆ ವಲಸೆ ತಪಾಸಣೆಯ ಸಾಲಿಗೆ ಹೋಗಿ ನಿಲ್ಲುತ್ತೇವೆ. ಮುಂದಿನ ವಿಮಾನ ಹಿಡಿಯುವವರು ಟ್ರಾನ್ಸ್‌ಫರ್ ಎಂಬ ಫಲಕವನ್ನು ಹುಡುಕಬೇಕು. ಹೆಂಡತಿಗೆ ಮೊಣಕಾಲು ನೋವಿರುವುದರಿಂದ ಗಾಲಿ ಕುರ್ಚಿಗೆ ಮೊದಲೇ ಕೇಳಿಕೊಂಡಿದ್ದೆವು, ಮತ್ತು ತಮಿಳು ಮನೆಮಾತಿನ ಒಬ್ಬ ಹುಡುಗ ಬಾಗಿಲಲ್ಲೇ ಕಾಯುತ್ತಿದ್ದ. ಗಾಲಿ ಕುರ್ಚಿ ಕೇಳಲು ನಮ್ಮ ಕಡೆಯ ಹಿರಿಯರು ಬಹಳ ಸಂಕೋಚಪಡುತ್ತಾರೆ. ಆ ಟರ್ಮಿನಲ್‌ನ ಉದ್ದವನ್ನು ನೋಡಿದ ಮೇಲೆ, ಅರ್ಧ ಮೈಲಿ ನಡೆದರೆ ಮೊಣಕಾಲು ಹಿಡಿಯುತ್ತದೆ ಎನ್ನುವ ಯಾರೂ ಸಂಕೋಚಪಡಬಾರದೆಂದು ನನಗೆ ಅನ್ನಿಸಿತು. ಟ್ರಾನ್ಸ್‌ಫರ್ ಕೌಂಟರಿನಲ್ಲಿ ಪಾಸ್‌ಪೋರ್ಟ್, ಬೋರ್ಡಿಂಗ್ ಪಾಸ್ ಮತ್ತು ಆಸ್ಟ್ರೇಲಿಯಾದ ವೀಸಾ ನೋಡಿದರು. ಆ ವೀಸಾವನ್ನು ಪಾಸ್‌ಪೋರ್ಟಿಗೆ ಅಂಟಿಸಿ ಕೊಡುವುದಿಲ್ಲ, ಗಣಕದಲ್ಲಿ ಪಾಸ್‌ಪೋರ್ಟ್ ಸಂಖ್ಯೆಗೆ ಜೋಡಿಸಿರುತ್ತಾರೆ; ಆದರೂ ಮಂಜೂರಾತಿ ಪತ್ರದ ಪ್ರತಿ ಕೈಯಲ್ಲಿದ್ದುದರಿಂದ ಮಾತು ಬೇಗ ಮುಗಿಯಿತು. ಅಲ್ಲಿಂದ ಮುಂದೆ ಮತ್ತೊಮ್ಮೆ ಭದ್ರತಾ ತಪಾಸಣೆ, ಆಮೇಲೆ ಅಂಗಡಿಗಳ ಸಾಲು, ಅದನ್ನು ದಾಟಿದರೆ ಗೇಟುಗಳು. ಮಲೇಷಿಯಾದ ಒಳಗೆ ನಾವು ಹೋಗಲೇ ಇಲ್ಲ, ವೀಸಾ ಪ್ರವೇಶ ಯಾವುದರ ಪ್ರಶ್ನೆಯೂ ಬರಲಿಲ್ಲ. ಗೇಟಿನ ಹತ್ತಿರದ ಕುರ್ಚಿಗಳ ಮೇಲೆ ಕುಳಿತು ರೊಟ್ಟಿ ಹಿಂಡಿ ಬಿಚ್ಚಿ ತಿಂದೆವು. ಮೆಲ್ಬರ್ನ್‌ಗೆ ಅಲ್ಲಿಂದ ಎಂಟು ತಾಸು. ಬ್ಯಾಗುಗಳು ನಮಗಿಂತ ಮೊದಲೇ ಬೆಲ್ಟಿನ ಮೇಲೆ ತಿರುಗುತ್ತಿದ್ದವು.

ಮರಳುವ ಪಯಣವನ್ನು ಬೇರೆ ರೀತಿಯಲ್ಲಿ ಮಾಡಿದೆವು. ದೀಪಾವಳಿ ಮುಗಿದ ಮೇಲೆ ಊರಿಗೆ ಹೊರಡಬೇಕೆಂದಾಗ, ಮೆಲ್ಬರ್ನ್‌ನಿಂದ ಕ್ವಾಲಾಲಂಪುರಕ್ಕೆ ಮಲೇಷಿಯಾ ಏರ್‌ಲೈನ್ಸ್‌ನಲ್ಲಿ ರಿಯಾಯಿತಿ ದರ ಸಿಕ್ಕಿತು, ಮತ್ತು ಅಲ್ಲಿಂದ ಬೆಂಗಳೂರಿಗೆ ಏರ್‌ಏಷ್ಯಾದ ಬಿಡಿ ಟಿಕೆಟ್ಟು ತೆಗೆದರೆ ಒಟ್ಟು ಮೊತ್ತ ಕಡಿಮೆಯಾಗುತ್ತಿತ್ತು. ಎರಡು ಕಂಪನಿ, ಎರಡು ಬುಕಿಂಗ್, ಎರಡು ಟರ್ಮಿನಲ್ ಎಂದು ಗೊತ್ತಿದ್ದೇ ತೆಗೆದುಕೊಂಡೆವು, ಆದ್ದರಿಂದಲೇ ನಡುವೆ ಒಂದು ರಾತ್ರಿಯನ್ನು ಬಿಟ್ಟೆವು. ಕೆಲವೇ ತಾಸುಗಳ ಅಂತರವಿಟ್ಟು ಬಿಡಿ ಟಿಕೆಟ್ಟು ಕೊಳ್ಳುವುದು ಜೂಜಾಟ, ಅದರಲ್ಲಿ ಹಿರಿಯರು ಸಿಕ್ಕಿಕೊಳ್ಳಬಾರದು. ಮಲೇಷಿಯಾದೊಳಗೆ ಹೋಗಬೇಕಾದ್ದರಿಂದ ಅಲ್ಲಿಯ ಡಿಜಿಟಲ್ ಆಗಮನ ಪತ್ರವನ್ನು ತಲುಪುವ ಮೊದಲಿನ ಮೂರು ದಿನಗಳೊಳಗೆ ತುಂಬಬೇಕು. ಅದಕ್ಕೆ ಹಣವಿಲ್ಲ, ಹಣ ಕೇಳುವ ತಾಣಗಳು ಸರಕಾರದವಲ್ಲ.

ಮೊದಲ ಟರ್ಮಿನಲ್‌ನಲ್ಲಿ ದೂರದ ವಿಮಾನಗಳು ಸ್ಯಾಟಲೈಟ್ ಎಂಬ ಬೇರೊಂದು ಕಟ್ಟಡಕ್ಕೆ ಬಂದು ನಿಲ್ಲುತ್ತವೆ. ಅಲ್ಲಿಂದ ಮುಖ್ಯ ಕಟ್ಟಡಕ್ಕೆ ಚಾಲಕನಿಲ್ಲದ ಏರೋಟ್ರೇನ್ ಇದೆ. 2023ರ ಮಾರ್ಚ್‌ನಲ್ಲಿ ಕೆಟ್ಟು ನಿಂತಿದ್ದ ಅದನ್ನು 2025ರ ಜುಲೈ 1ರಂದು ಮತ್ತೆ ಆರಂಭಿಸಿದ್ದರು, ಅಲ್ಲಿಯವರೆಗೆ ಬಸ್ಸುಗಳೇ ಗತಿಯಾಗಿದ್ದವಂತೆ. ವಲಸೆ ತಪಾಸಣೆಯಲ್ಲಿ ಎರಡೂ ತೋರುಬೆರಳುಗಳ ಗುರುತು ತೆಗೆದುಕೊಂಡು, ಮುಂದಿನ ಟಿಕೆಟ್ಟು ನೋಡಿ, ಮುದ್ರೆ ಒತ್ತಿದರು. ಬ್ಯಾಗುಗಳನ್ನು ಟ್ರಾಲಿಗೆ ಹೇರಿಕೊಂಡು ರೈಲಿನ ಗುರುತು ಹಿಡಿದು ಕೆಳಗೆ ಇಳಿದರೆ ಕ್ಲಿಯಾ ಟ್ರಾನ್ಸಿಟ್ ರೈಲಿನ ನಿಲ್ದಾಣ ಬರುತ್ತದೆ. ಎರಡನೇ ಟರ್ಮಿನಲ್‌ಗೆ ಮೂರು ನಿಮಿಷದ ದಾರಿ, ಟಿಕೆಟ್ಟು 2 ರಿಂಗಿಟ್. ಅದೇ ಹಳಿಯ ಇನ್ನೊಂದು ದಿಕ್ಕಿನ ರೈಲು ಊರೊಳಗಿನ ಕೆಎಲ್ ಸೆಂಟ್ರಲ್‌ಗೆ ಹೋಗುತ್ತದೆ, ಅದರ ಟಿಕೆಟ್ಟು 55 ರಿಂಗಿಟ್. ಆದ್ದರಿಂದ ಹತ್ತುವ ಮೊದಲು ಫಲಕ ಓದಿ, ಒಮ್ಮೆ ಕೇಳಿ ಖಾತ್ರಿ ಮಾಡಿಕೊಳ್ಳುವುದು ಒಳ್ಳೆಯದು. ನಾನು ಕೇಳಿದ ಸಿಬ್ಬಂದಿ ತಾವೇ ಬಂದು ದೊಡ್ಡ ಬ್ಯಾಗನ್ನು ರೈಲಿನೊಳಗೆ ಎತ್ತಿಟ್ಟರು. ಬಿಡಿ ಟಿಕೆಟ್ಟಿನ ನಿಜವಾದ ಶ್ರಮ ತಿಳಿಯುವುದು ಇಲ್ಲಿ. ಬೆಲ್ಟಿನಿಂದ ಟ್ರಾಲಿಗೆ, ಟ್ರಾಲಿಯಿಂದ ರೈಲಿಗೆ, ರೈಲಿನಿಂದ ಮತ್ತೆ ಟ್ರಾಲಿಗೆ, ಎಲ್ಲವನ್ನೂ ನಾವೇ ಎತ್ತಿ ಇಳಿಸಬೇಕು, ಮತ್ತು ಬೆಂಗಳೂರಿಗೆ ಹೋಗುವ ವಿಮಾನದಲ್ಲಿ ಮಾತ್ರ ಕೇಳಿಕೊಂಡಿದ್ದ ಗಾಲಿ ಕುರ್ಚಿ ಈ ಹಾದಿಯಲ್ಲಿ ಇರುವುದಿಲ್ಲ. ಹೆಂಡತಿ ನಡುನಡುವೆ ಕುಳಿತು ಕುಳಿತು ನಡೆದಳು.

ಎರಡನೇ ಟರ್ಮಿನಲ್‌ಗೆ ದೊಡ್ಡದೊಂದು ಮಾಲ್ ಅಂಟಿಕೊಂಡಿದೆ, ಮತ್ತು ನಡೆದು ಹೋಗುವಷ್ಟು ಹತ್ತಿರದಲ್ಲಿ ಸಾಧಾರಣ ದರದ ಹೋಟೆಲುಗಳಿವೆ. ಕೆಲವೇ ತಾಸು ಮಲಗಿ ಏಳುವವರಿಗೆ ಗೂಡಿನಂಥ ಹಾಸಿಗೆಗಳ ವಸತಿಯೂ ಇದೆ. ಒಂದು ಕೋಣೆ ಹಿಡಿದು ರಾತ್ರಿ ಮಲಗಿದೆವು, ಮರುದಿನ ಫುಡ್ ಕೋರ್ಟಿನಲ್ಲಿ ಊಟ ಮಾಡಿದೆವು. ಅಲ್ಲಿ ರೋಟಿ ಚನಾಯ್ ಎಂಬುದು ನಮ್ಮ ಪರೋಟದ ಹತ್ತಿರದ ಬಂಧು, ಅದನ್ನು ಬೇಳೆ ಸಾರಿನೊಂದಿಗೆ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ಎಚ್ಚರಿಕೆ ವಹಿಸಬೇಕು: ಸಂಬಲ್ ಎಂಬ ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಒಣಗಿಸಿದ ಸಿಗಡಿಯ ಮುದ್ದೆ ಸೇರಿರುತ್ತದೆ, ನಾಸಿ ಲೆಮಾಕ್ ಎಂಬ ತೆಂಗಿನ ಹಾಲಿನ ಅನ್ನದ ಮೇಲೆ ಹುರಿದ ಸಣ್ಣ ಮೀನು ಹಾಕುತ್ತಾರೆ. ಮಾಂಸ ಬೇಡವೆಂದರೆ ಸಾಲದು, ಮೀನು, ಸಿಗಡಿ, ತತ್ತಿ ಎಲ್ಲದರ ಹೆಸರನ್ನೂ ಹೇಳಬೇಕು. ತಮಿಳು ಮನೆಮಾತಿನ ಅಂಗಡಿಯವರಿಗೆ ಇದನ್ನು ತಿಳಿಸುವುದು ಸುಲಭ, ಅವರು ತಾವಾಗಿಯೇ ಯಾವುದನ್ನು ತಿನ್ನಬಹುದೆಂದು ತೋರಿಸಿದರು.

ಸಂಜೆ ಮೂರನೇ ಮಹಡಿಯ ಹಾಲಿನಲ್ಲಿ ಯಂತ್ರದ ಮುಂದೆ ನಿಂತು ಬುಕಿಂಗ್ ಸಂಖ್ಯೆ ಒತ್ತಿದಾಗ ಬೋರ್ಡಿಂಗ್ ಪಾಸು ಮತ್ತು ಬ್ಯಾಗಿನ ಪಟ್ಟಿ ಎರಡೂ ಹೊರಬಂದವು. ಪಟ್ಟಿಯನ್ನು ನಾವೇ ಬ್ಯಾಗಿನ ಹಿಡಿಕೆಗೆ ಸುತ್ತಿ ಅಂಟಿಸಬೇಕು; ಈ ಸಲ ಅದರ ಮೇಲೆ ಇದ್ದದ್ದು ಬಿಎಲ್‌ಆರ್ ಒಂದೇ. ವಲಸೆ ತಪಾಸಣೆ ಮುಗಿಸಿ ಗೇಟಿನ ಕಡೆಗೆ ಹೋಗುವಾಗ ಸ್ಕೈಬ್ರಿಡ್ಜ್ ಎಂಬ ಗಾಜಿನ ಸೇತುವೆಯನ್ನು ದಾಟಬೇಕು. ಹೆಂಡತಿಯ ಗಾಲಿ ಕುರ್ಚಿ ತಳ್ಳುತ್ತಿದ್ದವರು ನಡುವೆ ನಿಲ್ಲಿಸಿ ಕೆಳಗೆ ತೋರಿಸಿದರು. ಕೆಂಪು ಬಣ್ಣದ ವಿಮಾನವೊಂದು ನಿಧಾನವಾಗಿ ಬಂದು, ನಮ್ಮ ಕಾಲ ಕೆಳಗಿನಿಂದಲೇ, ಬಾಲದ ತುದಿ ಸೇತುವೆಗೆ ತಗಲುತ್ತದೋ ಎಂಬಷ್ಟು ಹತ್ತಿರದಲ್ಲಿ ಹಾದು ಆಚೆ ಹೋಯಿತು. ಅದು ಪೂರ್ತಿ ದಾಟುವವರೆಗೆ ಆಕೆ ಗಾಜಿನ ಮೇಲೆ ಅಂಗೈ ಊರಿಕೊಂಡು ನೋಡಿದಳು, ಫೋಟೊ ತೆಗೆದು ಮಗಳಿಗೆ ಕಳುಹಿಸಿದಳು. ಪಿ ಮತ್ತು ಕ್ಯೂ ಎಂದು ಶುರುವಾಗುವ ಗೇಟುಗಳು ಸೇತುವೆಯ ಆಚೆಗಿವೆ, ನಡೆಯಲು ಬಹಳ ಹೊತ್ತು ಬೇಕು. ಅಂಗಡಿಗಳಲ್ಲಿ ಮೈಮರೆಯದೆ ಮೊದಲು ಗೇಟು ಸೇರಿ ಆಮೇಲೆ ಆರಾಮವಾಗಿ ಕೂರುವುದು ಸರಿಯಾದ ಕ್ರಮ.

ರಾತ್ರಿ ತಡವಾಗಿ ಬೆಂಗಳೂರಿನಲ್ಲಿ ಇಳಿದಾಗ ಬಾಗಲಕೋಟೆಯ ಸ್ಲೀಪರ್ ಬಸ್ಸುಗಳು ಹೊರಟುಹೋಗಿದ್ದವು, ಅದನ್ನು ಮೊದಲೇ ಲೆಕ್ಕ ಹಾಕಿ ಸಂಬಂಧಿಕರ ಮನೆಗೆ ಹೇಳಿಟ್ಟಿದ್ದೆವು. ಮನೆಗೆ ಬಂದು ಎರಡೂ ಕಡೆಯ ಖರ್ಚನ್ನು ವಹಿಯಲ್ಲಿ ಬರೆದು ನೋಡಿದೆ. ಬರುವಾಗಿನ ಬಿಡಿ ಟಿಕೆಟ್ಟುಗಳಲ್ಲಿ ಉಳಿದದ್ದರಲ್ಲಿ ಹೋಟೆಲಿನ ಬಾಡಿಗೆ, ಊಟ, ರೈಲು, ಎರಡನೇ ವಿಮಾನಕ್ಕೆಂದು ಬೇರೆಯಾಗಿ ಕೊಂಡ ಸಾಮಾನಿನ ತೂಕ ಎಲ್ಲ ಕಳೆದರೆ ಕೈಯಲ್ಲಿ ನಿಂತದ್ದು ಅಲ್ಪ. ಬೆನ್ನಿಗೊಂದು ಚೀಲ ಹಾಕಿಕೊಂಡು ಒಂದು ಹಗಲು ಕ್ವಾಲಾಲಂಪುರವನ್ನೂ ನೋಡಬಯಸುವ ಹರೆಯದವರಿಗೆ ಬಿಡಿ ಟಿಕೆಟ್ಟು ಖಂಡಿತ ಒಳ್ಳೆಯ ದಾರಿ. ದೊಡ್ಡ ಬ್ಯಾಗು ಮತ್ತು ನೋಯುವ ಮೊಣಕಾಲು ಇದ್ದವರಿಗೆ ಹೋಗುವಾಗಿನ ಒಂದೇ ಬುಕಿಂಗ್ ಎಲ್ಲ ರೀತಿಯಲ್ಲಿಯೂ ಮೇಲು. ಸಂಕ್ರಾಂತಿಯ ನಂತರ ಮಗನ ಮನೆಗೆಂದು ಪರ್ತ್‌ಗೆ ಹೊರಡಲಿರುವ ನಮ್ಮ ಓಣಿಯ ದಂಪತಿ ಮೊನ್ನೆ ಬಂದು ಕೇಳಿದಾಗ, ಚೀನೀ ಹೊಸ ವರ್ಷದ ವಾರವನ್ನು ಬಿಟ್ಟು, ಬೆಂಗಳೂರಿನಿಂದ ಪರ್ತ್‌ವರೆಗೆ ಒಂದೇ ಬುಕಿಂಗ್‌ನಲ್ಲಿ, ಎರಡೂ ವಿಮಾನ ಎರಡನೇ ಟರ್ಮಿನಲ್‌ನವೇ ಆಗಿರುವಂತೆ ನೋಡಿ, ಗಾಲಿ ಕುರ್ಚಿಯನ್ನೂ ಸೇರಿಸಿ ಟಿಕೆಟ್ಟು ತೆಗೆದುಕೊಟ್ಟಿದ್ದೇನೆ.